ಗಾಂಧಿನಗರದ ಲಾಡ್ಜೋ, ವೈಟ್‌ಫೀಲ್ಡ್‌ನ ಸರ್ವಿಸ್ ಅಪಾರ್ಟ್‌ಮೆಂಟೋ?

ತಿಂಗಳಿಗೆ ಎರಡು ಸಲವಾದರೂ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತೇನೆ. ನಮ್ಮದು ವಾಲ್ವ್ ವ್ಯಾಪಾರ. ಗಿರಾಕಿಗಳು ಅರ್ಧ ಪೀಣ್ಯದಲ್ಲಿ, ಅರ್ಧ ವೈಟ್‌ಫೀಲ್ಡ್ ಕಡೆ. ಒಬ್ಬರು ಪಶ್ಚಿಮಕ್ಕೆ, ಒಬ್ಬರು ಪೂರ್ವಕ್ಕೆ. ಎಲ್ಲಿ ಉಳಿದರೆ ದುಡ್ಡೂ ಹೊತ್ತೂ ಮಿಗುತ್ತದೆ ಎಂದು ಎರಡೂ ಕಡೆ ಹಲವು ಸಲ ಉಳಿದು ನೋಡಿದ್ದೇನೆ.

ನಾನು ಕೊಟ್ಟ ಬಾಡಿಗೆ ಗಾಂಧಿನಗರದಲ್ಲಿ 1,400 ರೂಪಾಯಿ, ವೈಟ್‌ಫೀಲ್ಡ್‌ನಲ್ಲಿ 3,600. ಆದರೆ ನನ್ನ ಲೆಕ್ಕ ಬದಲಾದದ್ದು ಬಾಡಿಗೆಯಿಂದಲ್ಲ, ಚೆಕ್‌ಔಟ್ ಹೊತ್ತಿನಿಂದ.

ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹತ್ತೂವರೆಗೆ ಮೀಟಿಂಗ್. ಅಷ್ಟರೊಳಗೆ ಸ್ನಾನ ಆಗಬೇಕು, ಇಸ್ತ್ರಿ ಅಂಗಿ ಹಾಕಬೇಕು. ಅಪಾರ್ಟ್‌ಮೆಂಟ್‌ನಲ್ಲಿ ಚೆಕ್‌ಇನ್ ಮಧ್ಯಾಹ್ನ ಎರಡಕ್ಕೆ. ಎಂಟೂವರೆಗೆ ಹೋಗಿ ನಿಂತರೆ, "ಈಗಲೇ ರೂಮ್ ಬೇಕಂದ್ರೆ ಅರ್ಧ ದಿನದ ಚಾರ್ಜ್ ಆಗತ್ತೆ ಸಾರ್" ಅಂದ ಕೌಂಟರಿನ ಹುಡುಗ. ಕೊಟ್ಟೆ. ಮರುದಿನ ಹನ್ನೊಂದಕ್ಕೆ ಖಾಲಿ ಮಾಡಿ ಅಂದರು. ಅಂದರೆ ಒಂದು ರಾತ್ರಿಗೆ 5,400.

ಗಾಂಧಿನಗರದ ಲಾಡ್ಜಿನಲ್ಲಿ 24 ಗಂಟೆ ಲೆಕ್ಕ. ಉದ್ದನೆಯ ರಿಜಿಸ್ಟರಿನಲ್ಲಿ 7:10 ಎಂದು ಬರೆದು ಸಹಿ ಹಾಕಿದರೆ ನಾಳೆ 7:10ರವರೆಗೆ ರೂಮು ನಮ್ಮದು. ಎರಡನೇ ದಿನವೂ ಕೆಲಸವಿದ್ದರೆ ಬೆಳಿಗ್ಗೆ ಬೇಗ ಸ್ನಾನ ಮುಗಿಸಿ ಖಾಲಿ ಮಾಡುತ್ತೇನೆ. ಮ್ಯಾನೇಜರ್ ನನ್ನ ಬ್ಯಾಗನ್ನು ಕೌಂಟರಿನ ಕೆಳಗೆ ತಳ್ಳಿ, ರೂಮ್ ನಂಬರಿನ ಚೀಟಿ ಅಂಟಿಸಿ, "ಸಂಜೆ ತಗೊಳ್ಳಿ ಸಾರ್" ಅನ್ನುತ್ತಾರೆ. ಒಂಬತ್ತು ಕಿಲೋ ತೂಗುವ ಬಾಲ್ ವಾಲ್ವ್ ಸ್ಯಾಂಪಲ್ ಹೊತ್ತು ಊರು ತಿರುಗುವವನಿಗೆ ಅದು ಎಷ್ಟು ದೊಡ್ಡ ಉಪಕಾರ ಎಂಬುದು ಹೊತ್ತವರಿಗೇ ಗೊತ್ತು.

ಮೊದಲು ಈ ಹೋಲಿಕೆಗೇ ಅರ್ಥವಿರಲಿಲ್ಲ. ಗಾಂಧಿನಗರ ಅಂದರೆ ಮೆಜೆಸ್ಟಿಕ್ ಪಕ್ಕ; ಅಲ್ಲಿ ಉಳಿದು ವೈಟ್‌ಫೀಲ್ಡ್‌ಗೆ ಹೋಗುವುದೆಂದರೆ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ಕಾಡುಗೋಡಿಯವರೆಗೆ ಪೂರ್ತಿ ತೆರೆದ ಮೇಲೆ, ಮೆಜೆಸ್ಟಿಕ್‌ನಲ್ಲಿ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುವುದಕ್ಕೆ ನನಗೆ ಒಂದು ಗಂಟೆಯೂ ಬೇಕಾಗಿಲ್ಲ. ಐಟಿ ಕಂಪನಿಗಳ ಪಾರ್ಕ್ ಐಟಿಪಿಎಲ್ ಅಲ್ಲೇ. ಪೀಣ್ಯಕ್ಕೆ ಅದೇ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗ. 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಏರಿತು. ದಿನವೂ ಓಡಾಡುವವರಿಗೆ ಅದು ಹೊರೆಯೇ, ಅವರ ಸಿಟ್ಟು ನ್ಯಾಯವಾದದ್ದು. ನನ್ನಂಥವನಿಗೆ ಮಾತ್ರ ಕಾರಿನ ಮುಂದೆ ಇದು ಏನೂ ಅಲ್ಲ. ಒಂದು ಸಂಜೆ ಪೆಟ್ಟಿಗೆಗಳಿವೆ ಎಂದು ವೈಟ್‌ಫೀಲ್ಡ್‌ನಿಂದ ಕಾರು ಹಿಡಿದೆ. ಮಾರತ್‌ಹಳ್ಳಿ ದಾಟುವಷ್ಟರಲ್ಲೇ ಕತ್ತಲಾಯಿತು, ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು.

ಅಪಾರ್ಟ್‌ಮೆಂಟಿನ ಒಳ್ಳೆಯದನ್ನೂ ಹೇಳಬೇಕು. ನಿಶ್ಶಬ್ದ. ಕೊಟೇಷನ್ ಟೈಪ್ ಮಾಡಲು ಸರಿಯಾದ ಮೇಜು, ಬಟ್ಟೆಗೆ ವಾಷಿಂಗ್ ಮಷೀನ್. ಲಾಡ್ಜಿನಲ್ಲಿ ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತು ಮಾತ್ರ, ಲ್ಯಾಪ್‌ಟಾಪ್ ಮಂಚದ ಮೇಲೆಯೇ. ಬಿಲ್ಲಿನದೂ ತಕರಾರು: ಒಂದು ಕಡೆ ಜಿಎಸ್‌ಟಿ ನಂಬರೇ ಇಲ್ಲದ ಕಚ್ಚಾ ಚೀಟಿ ಕೊಟ್ಟರು, ನಮ್ಮ ಲೆಕ್ಕಪತ್ರದವರು ಒಪ್ಪಲಿಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಪಕ್ಕಾ ಬಿಲ್ ಕೊಡುತ್ತೀರಾ ಎಂದು ಕೀ ತೆಗೆದುಕೊಳ್ಳುವ ಮೊದಲೇ ಕೇಳಿಬಿಡಿ.

ಊಟದಲ್ಲಿ ಗಾಂಧಿನಗರಕ್ಕೇ ನನ್ನ ಮತ. ರಾತ್ರಿ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮುಂದೆ ಬಂದರೆ ದಿನದ ದಣಿವು ಅಲ್ಲೇ ಇಳಿಯುತ್ತದೆ.

ಯಶವಂತಪುರದಲ್ಲೂ ಒಮ್ಮೆ ಉಳಿದೆ. ಪೀಣ್ಯದ ಕೆಲಸವಷ್ಟೇ ಇದ್ದರೆ ಆ ಜಾಗ ಸಾಕು.

ಮೂರು ದಿನ ಸತತ ವೈಟ್‌ಫೀಲ್ಡ್‌ನಲ್ಲೇ ಕೂರಬೇಕಾದರೆ ಅಪಾರ್ಟ್‌ಮೆಂಟೇ ಹಿಡಿಯುತ್ತೇನೆ. ಆಗ ಅರ್ಧ ದಿನದ ಚಾರ್ಜ್ ಮೂರು ದಿನಕ್ಕೆ ಹಂಚಿಹೋಗುತ್ತದೆ. ಒಂದೆರಡು ದಿನದ ಓಡಾಟಕ್ಕೆ ಗಾಂಧಿನಗರ. ಅಲ್ಲಿ ರೂಮ್ ಕೇಳುವಾಗ ರಸ್ತೆ ಕಡೆಯದು ಬೇಡ, ಹಿಂದುಗಡೆಯದು ಕೊಡಿ ಅನ್ನಿ. ಮುಂದಿನ ರೂಮುಗಳಿಗೆ ನಡುರಾತ್ರಿಯಲ್ಲೂ ಬಸ್ಸಿನ ಹಾರ್ನ್ ತಪ್ಪುವುದಿಲ್ಲ.