ಮನೆಯಲ್ಲಿ ಐಸ್‌ಕ್ರೀಮ್ ಪ್ರದರ್ಶನಕ್ಕೆ ಒಪ್ಪಿಕೊಳ್ಳುವ ಮುನ್ನ ಇದನ್ನು ಓದಿ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಹದಿನಾಲ್ಕು ಜನರ ಮುಂದೆ ನಡೆದ ಐಸ್‌ಕ್ರೀಮ್ ಪ್ರದರ್ಶನದಲ್ಲಿ ನಾನು ಮೋಸಹೋದೆ, ನನ್ನ ಮಾತು ನಂಬಿ ಬಂದವರನ್ನೂ ಅದಕ್ಕೆ ಸಿಕ್ಕಿಸಿದೆ. ಇಂಥ ಪ್ರದರ್ಶನಗಳ ರೀತಿ ನಿಮಗೆ ತಿಳಿದದ್ದೇ: ಮನೆ ನಮ್ಮದು, ಬರುವವರು ನಮ್ಮವರು, ರುಚಿ ತೋರಿಸಿ ಮುಂಗಡ ಪಡೆದು ಹೋಗುವವರು ಐಸ್‌ಕ್ರೀಮ್ ಮಾರುವವರು, ಕೊನೆಗೆ ನಮಗೊಂದು ಉಡುಗೊರೆ. ಆ ಉಡುಗೊರೆಯ ಆಸೆ ನನಗಿತ್ತು, ಸುಳ್ಳು ಹೇಳುವುದಿಲ್ಲ.

ಪೆಟ್ಟಿಗೆಯಲ್ಲಿ ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ಮಂಜುಗಡ್ಡೆಗಿಂತ ಬಹಳ ತಣ್ಣಗಿರುವುದು) ಇರುತ್ತದೆಂದು ಪ್ರದರ್ಶಕಿ ಫೋನಿನಲ್ಲಿ ಹೇಳಿದ್ದರು. ತೆರೆದರೆ ಇದ್ದದ್ದು ಎರಡು ಜೆಲ್ ಪ್ಯಾಕ್, ಅವೂ ಮೆತ್ತಗಾಗಿದ್ದವು. “ಐಸ್‌ಕ್ರೀಮ್ ಡಬ್ಬಿಯನ್ನು ನಿಮ್ಮ ಫ್ರೀಜರ್‌ನಲ್ಲಿಡಿ ಮೇಡಂ, ನನ್ನ ಮಾತು ಮುಗಿಯುವಷ್ಟರಲ್ಲಿ ಗಟ್ಟಿಯಾಗುತ್ತದೆ” ಎಂದರು. ಇಟ್ಟೆ. ಐಸ್‌ಕ್ರೀಮನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಕರಗಿದ್ದು ನಿಧಾನವಾಗಿ ಮತ್ತೆ ಹೆಪ್ಪುಗಟ್ಟಿದರೆ ಒಳಗಿನ ಗಾಳಿ ಹೋಗಿ ದೊಡ್ಡ ಹರಳುಗಳು ಮೂಡುತ್ತವೆ, ಕರಗಿದ್ದಾಗ ಹೆಚ್ಚಿದ ಸೂಕ್ಷ್ಮಾಣುಗಳು ಮತ್ತೆ ತಣ್ಣಗಾದ ಮಾತ್ರಕ್ಕೆ ಸಾಯುವುದಿಲ್ಲ ಎಂಬುದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ನೆಂಟರೆದುರು ಜಗಳವೇಕೆಂದು ಸುಮ್ಮನಿದ್ದೆ.

ಒಂದೂವರೆ ಗಂಟೆಯ ನಂತರ ಮುಚ್ಚಳ ತೆಗೆದರೆ, ಡಬ್ಬಿಯ ಒಳಗೋಡೆಗೆ ಹಳೆಯ ಮಟ್ಟದ ಗೆರೆ ಒಣಗಿ ಅಂಟಿತ್ತು, ಐಸ್‌ಕ್ರೀಮ್ ಅದಕ್ಕಿಂತ ಎರಡು ಬೆರಳು ಕೆಳಗೆ ಕುಸಿದಿತ್ತು. ಅಂಚು ಕಲ್ಲು, ನಡುವೆ ರಾಡಿ. ಒಂದೇ ಲೋಟದ ನೀರಿನಲ್ಲಿ ಸ್ಕೂಪ್ ಅದ್ದಿ ಅದ್ದಿ ಆ ನೀರು ಹಾಲಿನಂತಾದರೂ ಬದಲಿಸಲಿಲ್ಲ. ಹಣ ಎಣಿಸಿದ ಕೈಯಲ್ಲೇ ಕೋನ್ ಹಿಡಿದು ಕೊಟ್ಟರು. ಬಾಯಿಗಿಟ್ಟವರಿಗೆಲ್ಲ ಮರಳಿನಂಥ ಹರಳು. ನಾನು ಮೆಲ್ಲಗೆ ಕೇಳಿದ್ದಕ್ಕೆ ಆಕೆ ಎಲ್ಲರಿಗೂ ಕೇಳುವಂತೆ ಹೇಳಿದರು: “ಬೆಳಿಗ್ಗೆ ಇನ್ನೊಂದು ಮನೆಯಲ್ಲೂ ಇದೇ ಡಬ್ಬಿಯಿಂದ ಕೊಟ್ಟೆ, ಅಲ್ಲಿ ಯಾರೂ ಏನೂ ಅನ್ನಲಿಲ್ಲ.”

ಇದೇ ಡಬ್ಬಿಯಿಂದ! ಬೆಳಿಗ್ಗೆ ಬೇರೆಯವರ ಮನೆಯಲ್ಲಿ ತೆರೆದ ಡಬ್ಬಿ! ಯಾರಿಗೂ ಹೊಟ್ಟೆ ಕೆಡದಿದ್ದದ್ದು ನಮ್ಮ ಪುಣ್ಯ.

ಮರುದಿನ ಅವರ ಕಚೇರಿಗೆ ಫೋನ್ ಮಾಡಿದರೆ, ಮೊದಲು “ರುಚಿ ಅವರವರ ಇಷ್ಟ” ಎಂದರು. ನಂತರ “ನಿಮ್ಮ ಫ್ರೀಜರ್ ಸರಿಯಿರಲಿಕ್ಕಿಲ್ಲ” ಎಂದರು. ಮೂರನೆಯ ಬಾರಿ ಕೇಳಿದಾಗ ಬಂದ ಉತ್ತರ: “ಆತಿಥೇಯರ ಫ್ರೀಜರ್‌ಗೆ ಹೋದ ಮೇಲೆ ಅದರ ಜವಾಬ್ದಾರಿ ಆತಿಥೇಯರದು.” ಬಂದ ತಕ್ಷಣ ನನ್ನ ಫ್ರೀಜರ್ ಕೇಳಿದ್ದು ಏಕೆಂದು ಆಗ ಹೊಳೆಯಿತು.

ಒಪ್ಪಲೇಬೇಕೆಂದಿದ್ದರೆ, ಅತಿಥಿಗಳು ಬರುವ ಮುನ್ನವೇ ಪೆಟ್ಟಿಗೆ ತೆರೆಸಿ ನೋಡಿ. ಡಬ್ಬಿಯ ಸೀಲ್ ಒಡೆದಿದ್ದರೆ, ಒತ್ತಿದಾಗ ಮೆತ್ತಗಿದ್ದರೆ ಮುಖ ನೋಡದೆ ಹಿಂದಕ್ಕೆ ಕಳಿಸಿ. ಡ್ರೈ ಐಸ್ ನಿಜವಾಗಿ ತಂದಿದ್ದರೆ ಕಿಟಕಿ ತೆರೆದಿಡಿ, ಬರಿಗೈಯಲ್ಲಿ ಮುಟ್ಟಬೇಡಿ. ಮುಂಗಡವನ್ನಂತೂ ನಿಮ್ಮ ಮನೆಯೊಳಗೆ ಯಾರಿಂದಲೂ ಕೊಡಿಸಬೇಡಿ. ನಮ್ಮಲ್ಲಿ ಕೊಟ್ಟ ಆರು ಮಂದಿಯ ಹಣ ಇನ್ನೂ ಮರಳಿಲ್ಲ, ಅವರು ದಿನವೂ ಕೇಳುತ್ತಿರುವುದು ಆ ಪ್ರದರ್ಶಕಿಯನ್ನಲ್ಲ, ನನ್ನನ್ನು.