ನವನಗರದ ಒಂದು ಖಾನಾವಳಿ: ರೊಟ್ಟಿಯ ರುಚಿ, ಮಾಲೀಕರ ಮುಖ

ಬಾಗಲಕೋಟೆಯ ನವನಗರದಲ್ಲಿರುವ ಈ ಖಾನಾವಳಿಯ ಊಟಕ್ಕಿಂತ ಅದರ ಮಾಲೀಕರ ಸಿಟ್ಟಿನ ಸುದ್ದಿಯನ್ನೇ ನಾನು ಮೊದಲು ಕೇಳಿದ್ದೆ. "ಊಟ ಭಾಳ ಚಲೋ ಐತ್ರಿ ಸರ್, ಆದ್ರ ಆ ಮನಷ್ಯಾ ಮಾರಿ ಗಂಟ ಹಾಕ್ಕೊಂಡೇ ನಿಂತಿರ್ತಾನ" ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಒಬ್ಬರ ಮುಖದ ಬಗ್ಗೆ ಬರೆಯಬೇಕಾಗಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಊಟ ನಿಜಕ್ಕೂ ಚೆನ್ನಾಗಿದೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಮಡಿಕೆಕಾಳಿನ ಪಲ್ಯ ಮಾತ್ರ ಆರಿತ್ತು, ಸಾರಿಗೆ ಉಪ್ಪು ತುಸು ಹೆಚ್ಚಾಗಿತ್ತು.

ನಾನು ಉಣ್ಣುತ್ತಿದ್ದಾಗ ಮಾಲೀಕರು ಎದುರು ಬಂದು ನಿಂತು, ಎರಡೂ ಹುಬ್ಬು ಮೇಲೇರಿಸಿ, ಬಾಯಿ ಅರ್ಧ ತೆರೆದು ನನ್ನ ತಾಟನ್ನೇ ನೋಡಿದರು. ಅನ್ನ ಬಿಟ್ಟಿದ್ದಕ್ಕೆ ಈಗ ಬೈಗುಳ ಬಂತೆಂದೇ ಭಾವಿಸಿ ನನ್ನ ಕೈ ತುತ್ತಿನ ಮೇಲೆ ನಿಂತಿತು. ಅವರು ಕೇಳಿದ್ದು ಇಷ್ಟೇ: "ಕೆನಿ ಮೊಸರ ಹಾಕ್ಲೇನ್ರಿ?"

ಮನೋವಿಜ್ಞಾನ ಪಾಠ ಹೇಳುವ ನನಗೆ ಅಲ್ಲಿಯೇ ನಗು ಬಂದಿತು, ಏಕೆಂದರೆ ಏರಿದ ಹುಬ್ಬು, ತೆರೆದ ಬಾಯಿಯ ಅಂಥದೇ ಅಚ್ಚರಿಯ ಮುಖಗಳನ್ನು 2004ರ ಒಂದು ಪ್ರಯೋಗದಲ್ಲಿ ಅಮೆರಿಕದ ಸಂಶೋಧಕರು ಬಳಸಿದ್ದರು. ಮುಖ ತೋರಿಸುವ ಮೊದಲು ಒಂದು ವಾಕ್ಯವನ್ನು ಓದಿಸುತ್ತಿದ್ದರು: ಈಕೆ ಈಗಷ್ಟೇ 500 ಡಾಲರ್ ಕಳೆದುಕೊಂಡಳು, ಅಥವಾ ಈಕೆಗೆ 500 ಡಾಲರ್ ಸಿಕ್ಕಿತು. ಕಳೆದುಕೊಂಡ ಮಾತನ್ನು ಓದಿದ ಮೇಲೆ ನೋಡಿದ ಮುಖಕ್ಕೆ, ಸಿಕ್ಕ ಮಾತನ್ನು ಓದಿ ನೋಡಿದ ಮುಖಕ್ಕಿಂತ, ಅಪಾಯದ ಸುಳಿವಿಗೆ ಎಚ್ಚೆತ್ತುಕೊಳ್ಳುವ ಮಿದುಳಿನ ಭಾಗವಾದ ಅಮಿಗ್ಡಲಾದಲ್ಲಿ ಹೆಚ್ಚು ಚಟುವಟಿಕೆ ಕಂಡಿತು. (ಅಮಿಗ್ಡಲಾ ಎಂದರೆ ಬಾದಾಮಿ, ನಮ್ಮ ಜಿಲ್ಲೆಯವರಿಗೆ ನೆನಪಿಡಲು ಕಷ್ಟವಿಲ್ಲ.) ಮುಖ ಕಂಡ ಸುಮಾರು 170 ಮಿಲಿಸೆಕೆಂಡುಗಳಲ್ಲಿಯೇ ಮಿದುಳು ಅದನ್ನು ಮುಖವೆಂದು ಗುರುತಿಸುವ ವಿದ್ಯುತ್ ಸಂಕೇತ ನೆತ್ತಿಯ ಮೇಲಿನ ತಂತಿಗಳಲ್ಲಿ ದಾಖಲಾಗುತ್ತದೆ; ಆದರೆ ಅದು ಯಾವ ಭಾವದ ಮುಖ ಎಂಬುದನ್ನು ತೀರ್ಮಾನಿಸುವಾಗ, ಕಣ್ಣು ತಂದ ಸುದ್ದಿಯ ಜೊತೆಗೆ ಮೊದಲೇ ಕಟ್ಟಿಕೊಂಡ ನಿರೀಕ್ಷೆಯೂ ತೂಕಕ್ಕೆ ಕೂಡುತ್ತದೆ. ಬಾಯ್ತುಂಬ ನಗುವ ಮುಖವಾದರೆ ನಿರೀಕ್ಷೆಗೆ ಹೆಚ್ಚು ಕೆಲಸವಿಲ್ಲ. ಅಚ್ಚರಿಯಂತೆ ಎರಡೂ ಕಡೆಗೆ ವಾಲಬಲ್ಲ ಮುಖದಲ್ಲಿಯೇ ಅದರ ಕೈ ಮೇಲಾಗುತ್ತದೆ. ನನ್ನ ಸಹೋದ್ಯೋಗಿಯ ಮಾತು ನನ್ನ ಪಾಲಿಗೆ ಆ ಕಳೆದುಹೋದ 500 ಡಾಲರ್ ಆಗಿತ್ತು.

ಮುಂದಿನ ವಾರ ಹೆಂಡತಿಯನ್ನು ಏನೂ ಹೇಳದೆ ಕರೆದುಕೊಂಡು ಹೋದೆ. ಒಬ್ಬರನ್ನು ಕೇಳಿದ್ದು ಪ್ರಯೋಗವಾಗುವುದಿಲ್ಲ, ಒಪ್ಪುತ್ತೇನೆ. ಹೊರಗೆ ಬಂದ ಮೇಲೆ ಮಾಲೀಕರ ಮುಖ ಹೇಗಿತ್ತೆಂದು ಕೇಳಿದರೆ, "ಪಾಪ, ನಿದ್ದಿ ಆಗಿಲ್ಲ ಅನಸ್ತದ" ಎಂದಳು. ಗಂಟಿಕ್ಕಿದ ಹುಬ್ಬಿಗೆ ಕಾರಣವೂ ಆ ದಿನವೇ ತಿಳಿಯಿತು: ಅವರು ನಿಲ್ಲುವ ಜಾಗ ರೊಟ್ಟಿಯ ಒಲೆಯ ಹೊಗೆ ಬರುವ ಬಾಗಿಲ ಪಕ್ಕದಲ್ಲಿದೆ.

ಊಟಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿತವಾದ ಒಂದು ಅಂಕ ಆರಿದ ಪಲ್ಯದ ಲೆಕ್ಕಕ್ಕೆ. ಹೋಗುವವರು ಮಧ್ಯಾಹ್ನ ಒಂದರ ಒಳಗೇ ಹೋಗಿರಿ, ಆಮೇಲೆ ಎಣ್ಣೆಗಾಯಿ ಉಳಿಯುವುದಿಲ್ಲ.