ಸುಟ್ಟ ಗಾಯಕ್ಕೆ ಮೆಡಿಕಲ್‌ನವರು ಕೈಗಿಟ್ಟ ಟ್ಯೂಬ್ ಹಚ್ಚಬೇಡಿ, ನಮ್ಮಮ್ಮನ ಕಾಲು ಹೋಗ್ತಿತ್ತು

ಕೋಲಾರದ ಕಡೆಯವರು ದಯವಿಟ್ಟು ಪೂರ್ತಿ ಓದಿ. ಕೈ ಇನ್ನೂ ನಡುಗ್ತಿದೆ, ತಪ್ಪಿದ್ರೆ ಕ್ಷಮಿಸಿ.

ಮುದ್ದೆಗೆ ಇಟ್ಟಿದ್ದ ಎಸರು ಅಮ್ಮನ ಪಾದದ ಮೇಲೆ ಬಿತ್ತು. ಅಮ್ಮನಿಗೆ ಶುಗರ್ ಬೇರೆ. ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಚ್ಚಿ ಅಂದ್ರು, ಹಚ್ಚಿದೆ. ಅದು ನನ್ನದೇ ತಪ್ಪು, ಒಪ್ಕೋತೀನಿ. ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಬೇಕಿತ್ತು ಅಂತ ಆಮೇಲೆ ಗೊತ್ತಾಯ್ತು.

ನಾಲ್ಕನೇ ದಿನ ಬೊಬ್ಬೆ ಒಡೆದು ಕೀವು. ಆಸ್ಪತ್ರೆಗೆ ಹೋಗೋ ಬದಲು, ಹತ್ತು ವರ್ಷದಿಂದ ಶುಗರ್ ಮಾತ್ರೆ ತಗೊಳ್ಳೋ ಮೆಡಿಕಲ್‌ಗೇ ಹೋದೆ. ಫೋಟೋ ತೋರಿಸಿದೆ. ಆತ ಒಂದು ಕ್ಷಣ ನೋಡಿ ಟ್ಯೂಬ್ ಇಟ್ಟ. "ಆಂಟಿಬಯಾಟಿಕ್ ಸಾರ್, ದಿನಕ್ಕೆ ಮೂರು ಸಲ, ವಾರದಲ್ಲಿ ಒಣಗುತ್ತೆ." ಚೀಟಿ ಕೇಳಲಿಲ್ಲ. ಬಿಲ್ಲೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಎರಡು ದಿನ ಉರಿ ಕಡಿಮೆ, ಕೆಂಪು ಕಡಿಮೆ. ನಾನೇ ಹೋಗಿ ಆತನಿಗೆ ಥ್ಯಾಂಕ್ಸ್ ಹೇಳಿ ಬಂದೆ! ಅದನ್ನ ನೆನೆದ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಐದನೇ ದಿನ ಹಸಿರು ಬಣ್ಣದ ಕೀವು, ವಾಸನೆ, ಜ್ವರ, ಕಾಲು ಮೊಣಕಾಲಿನವರೆಗೆ ಊತ.

ಆಸ್ಪತ್ರೆಯಲ್ಲಿ ಡಾಕ್ಟರ್ ಟ್ಯೂಬ್ ಕೇಳಿದ್ರು. ಮೊಬೈಲ್ ಟಾರ್ಚ್ ಹಾಕಿ ಸಣ್ಣಕ್ಷರ ಓದಿದ್ರು. ಮೊದಲ ಹೆಸರೇ ಕ್ಲೋಬೆಟಾಸಾಲ್. "ಇದು ತುಂಬಾ ಸ್ಟ್ರಾಂಗ್ ಸ್ಟೀರಾಯ್ಡ್. ಸೋಂಕನ್ನ ಮುಚ್ಚಿಡುತ್ತೆ, ಒಳಗೆ ಬೆಳೆಯೋಕೆ ಬಿಡುತ್ತೆ. ಸುಟ್ಟ ಗಾಯಕ್ಕೆ ಯಾರು ಹೇಳಿದ್ರು?" ಏನಂತ ಹೇಳಲಿ? ತಲೆ ಎತ್ತೋಕೆ ಆಗ್ಲಿಲ್ಲ. ಆಂಟಿಬಯಾಟಿಕ್ ಇತ್ತು, ಸುಳ್ಳಲ್ಲ, ಆದರೆ ಜೊತೆಗೆ ಫಂಗಸ್ ಔಷಧಿ, ಸ್ಟೀರಾಯ್ಡ್ ಎಲ್ಲಾ ಒಂದೇ ಟ್ಯೂಬಲ್ಲಿ. 2018ರಲ್ಲೇ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಷೆಡ್ಯೂಲ್ ಎಚ್ ಅನ್ನೋ ಸರ್ಕಾರದ ಪಟ್ಟಿಗೆ ಸೇರಿಸಿದ್ದಾರಂತೆ.

ಸತ್ತ ಚರ್ಮ ತೆಗೆದ್ರು. ಅಮ್ಮ ಕೂಗಿದ್ದು ಹೊರಗಿನ ಬೆಂಚಿಗೂ ಕೇಳಿಸ್ತು. ಯಾವ ರೋಗಾಣು ಅಂತ ತಿಳಿಯೋಕೆ ಕೀವು ಕಲ್ಚರ್ ಟೆಸ್ಟ್‌ಗೆ ಕಳಿಸಿ, ಇಂಜೆಕ್ಷನ್ ಶುರು ಮಾಡಿದ್ರು. ಜ್ವರ ಬಂದ ಮೇಲೆ ಬರೀ ಮುಲಾಮಿನಿಂದ ಆಗಲ್ಲ ಅಂದ್ರು. ಟಿಟಿ ಕೂಡ ಹಾಕಿದ್ರು. ಆಮೇಲೆ ಸಿಲ್ವರ್ ಸಲ್ಫಾಡಯಾಜಿನ್ 1% ಬಿಳಿ ಕ್ರೀಮ್. ಅದಕ್ಕೂ ಮೊದಲು ಸಲ್ಫಾ ಅಲರ್ಜಿ ಇದೆಯಾ ಅಂತ ಕೇಳಿದ್ರು. ಹಳೇ ಕ್ರೀಮು ಪೂರ್ತಿ ತೊಳೆದೇ ಹೊಸದು ಹಚ್ಚಬೇಕು, ಕೀವು, ಸತ್ತ ಚರ್ಮದ ಮೇಲೆ ಬಳಿದ್ರೆ ಔಷಧಿ ಕೆಳಗೆ ಇಳಿಯಲ್ಲ ಅಂತ ನರ್ಸ್ ಎರಡೆರಡು ಸಲ ಹೇಳಿಕೊಟ್ರು. ನಾನು ಐದು ದಿನ ಹಳೇದರ ಮೇಲೇ ಬಳಿದಿದ್ದೆ.

ಮತ್ತೆ ಮೆಡಿಕಲ್‌ಗೆ ಹೋದೆ. ಆತನ ಉತ್ತರ ಕೇಳಿ. "ನೀವೇ ಕೇಳಿದ್ರಲ್ಲ ಸಾರ್." ನಾನು ಕೇಳಿದ್ದು ಸುಟ್ಟ ಗಾಯಕ್ಕೆ! "ಎಲ್ಲರಿಗೂ ಇದೇ ಕೊಡೋದು, ಯಾರೂ ಏನೂ ಅಂದಿಲ್ಲ." ಆಮೇಲೆ, "ನಮ್ಮಲ್ಲೇ ತಗೊಂಡಿದ್ದು ಅನ್ನೋಕೆ ಬಿಲ್ ಇದೆಯಾ?" ಕೊನೆಗೆ ದನಿ ತಗ್ಗಿಸಿ, "ಟ್ಯೂಬಿನ ದುಡ್ಡು ವಾಪಸ್ ಕೊಡ್ತೀನಿ, ಗಲಾಟೆ ಬೇಡ." ಅಮ್ಮನ ಕಾಲಿಗೆ ಟ್ಯೂಬಿನ ದುಡ್ಡು!

ಬಿಲ್ ಇಲ್ಲದೆ ಏನೂ ತಗೋಬೇಡಿ. ಟ್ಯೂಬಲ್ಲಿ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ (ಅದೂ ಸ್ಟೀರಾಯ್ಡೇ) ಅಂತಿದ್ರೆ ಸುಟ್ಟ ಗಾಯಕ್ಕೆ ಮುಟ್ಟಿಸಬೇಡಿ. ಕೀವು ಕಂಡ ದಿನವೇ ಡಾಕ್ಟರ್ ಹತ್ರ ಹೋಗಿ, ಶುಗರ್ ಇದ್ದವರಂತೂ ಕಾಯಲೇಬೇಡಿ.

ಖಾಲಿ ಟ್ಯೂಬು ನನ್ನ ಹತ್ರಾನೇ ಇದೆ. ಸೋಮವಾರ ಡ್ರಗ್ ಇನ್‌ಸ್ಪೆಕ್ಟರ್ ಆಫೀಸಿಗೆ ಹೋಗ್ತಿದ್ದೀನಿ. ಇದೇ ಥರ ಯಾರಿಗಾದ್ರೂ ಆಗಿದ್ರೆ, ಟ್ಯೂಬ್ ಎಸೆಯದೆ ಇಟ್ಕೊಂಡು ನನ್ನ ಜೊತೆ ಬನ್ನಿ.